ಲಾಲ್‌ಬಾಗ್ ಬಂಡೆ ಉಪನ್ಯಾಸ: ಕಲ್ಲು ಕೈಗೆ ಕೊಡೋದಾ, ಪರದೆ ಮೇಲೆ ತೋರಿಸೋದಾ?

ಪ್ರಶ್ನೆ: ನಮ್ಮ ಭೂವಿಜ್ಞಾನ ವಿಭಾಗದಿಂದ ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸ, ಕನ್ನಡದಲ್ಲಿ. ಮೊದಲನೆಯದು ಲಾಲ್‌ಬಾಗ್ ಬಂಡೆ ಬಗ್ಗೆ. 60 ಜನ ಕೂರುವ ಕೊಠಡಿ, ದುಡ್ಡು ಕಡಿಮೆ. ಅನುಭವ ಇದ್ದವರು ಹೇಳಿ.

ಮಲ್ಲೇಶ್ವರ: ಕಲ್ಲು ಕೈಗೆ ಕೊಡಿ. ಆದರೆ ಒಂದೇ ಕಲ್ಲು ಬೇಡ. ತಲೆಗೆ 10 ಸೆಕೆಂಡ್ ಅಂದ್ರೂ ಹಿಂದಿನ ಸಾಲು ಮುಟ್ಟೋಕೆ 10 ನಿಮಿಷ, ಅಷ್ಟರಲ್ಲಿ ಮಾತು ಎಲ್ಲೋ ಹೋಗಿರುತ್ತೆ. ಸಾಲಿಗೊಂದು ಟ್ರೇ: ನೈಸ್ (ಲಾಲ್‌ಬಾಗ್ ಬಂಡೆಯ ಪಟ್ಟೆ ಪಟ್ಟೆ ಕಲ್ಲು), ಗ್ರಾನೈಟ್, ಬೆಣಚು, ಕಾಗೆಬಂಗಾರ. ನೈಸ್ ತುಂಡು ಎರಡು ಅಂಗೈ ಅಗಲ ಇರಲೇಬೇಕು. ಅದರ ಕಪ್ಪು-ಬಿಳಿ ಪಟ್ಟೆಗಳು ಬೆರಳಗಲ ಇರುತ್ತವೆ. ಸಣ್ಣ ಚೂರಿನಲ್ಲಿ ಒಂದೇ ಪಟ್ಟೆ ಸಿಕ್ಕಿ ಜನ ಗ್ರಾನೈಟ್ ಅಂದುಬಿಡ್ತಾರೆ. ಹೊಸದಾಗಿ ಒಡೆದ ಮುಖ ಮೇಲಿರಲಿ. ನಂಬರಿನ ಚೀಟಿ ಅಂಟಿಸಿದರೆ ಕೈಬೆವರಿಗೆ ಕಿತ್ತು ಬರುತ್ತೆ, ಬಿಳಿ ಎನಾಮಲ್ ಬೊಟ್ಟಿಟ್ಟು ಅದರ ಮೇಲೆ ಬರೆಯಿರಿ. ಲಾಲ್‌ಬಾಗ್‌ನಲ್ಲಿ ಮಾತ್ರ ಸುತ್ತಿಗೆ ತೆಗೀಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಜಲ್ಲಿ ಕ್ರಷರ್‌ನಲ್ಲಿ ಕೇಳಿ.

ಕೆಂಗೇರಿ: ಟ್ರೇ ಓಡಾಡ್ತಿದ್ದರೆ ಮಾತು ಯಾರು ಕೇಳ್ತಾರೆ? ದುಡ್ಡನ್ನು ಥಿನ್ ಸೆಕ್ಷನ್‌ಗೆ ಹಾಕಿ, ಅಂದ್ರೆ ಮೈಕ್ರೋಸ್ಕೋಪ್‌ನಲ್ಲಿ ನೋಡೋಕೆ ಗಾಜಿನ ಸ್ಲೈಡ್‌ಗೆ ಅಂಟಿಸಿದ ಕಲ್ಲಿನ ತೆಳು ಪದರ. ಕಲ್ಲನ್ನು 0.03 ಮಿ.ಮೀ.ವರೆಗೆ ಉಜ್ಜಬೇಕು. ಕ್ರಾಸ್ ಪೋಲಾರ್‌ನಲ್ಲಿ (ಒಂದಕ್ಕೊಂದು ಅಡ್ಡ ಇಟ್ಟ ಎರಡು ಪೋಲರೈಸಿಂಗ್ ಫಿಲ್ಟರ್ ನಡುವೆ) ಬೆಣಚು ಹಳದಿ ಕಂಡರೆ ಇನ್ನೂ ದಪ್ಪ. ಬೂದು-ಬಿಳಿಗೆ ಬಂದಾಗ ನಿಲ್ಲಿಸಿ. ಕೊನೇ ಉಜ್ಜು ಗಾಜಿನ ಮೇಲೆ, ನುಣ್ಣನೆ ಪುಡಿಯಲ್ಲಿ, ಕೈಯಿಂದಲೇ. ಯಂತ್ರಕ್ಕೆ ಕೊಟ್ಟರೆ ಕಲ್ಲು ಸವೆದುಹೋಗಿ ಬರೀ ಸ್ಲೈಡ್ ಉಳಿಯುತ್ತೆ. ಅಂಟಿಸುವ ಎಪಾಕ್ಸಿಯಲ್ಲಿ ಗುಳ್ಳೆ ಇದ್ದರೆ ಪದರ ಅಲ್ಲಿಂದಲೇ ಏಳುತ್ತೆ. ಒಂದು ಬೇಕಾದರೆ ಮೂರರ ಖರ್ಚು ಹಿಡಿಯಿರಿ. ಮೈಕ್ರೋಕ್ಲೈನ್ ಅನ್ನೋ ಖನಿಜ ಚೌಕಳಿ ಸೀರೆ ಹಾಗೆ ಪರದೆ ಮೇಲೆ ಬಂದಾಗ ಆ ಖರ್ಚು ಸಾರ್ಥಕ.

ಮಲ್ಲೇಶ್ವರ: ಆ ಚೌಕಳಿ ಕಾಣಬೇಕಾದರೆ ದೀಪ ಆರಿಸಬೇಕು. ಊಟ ಮುಗಿಸಿ ಬಂದ ಹಿರಿಯರು ತೂಕಡಿಸ್ತಾರೆ.

ಕೆಂಗೇರಿ: ಬೆಳಿಗ್ಗೆ 11ಕ್ಕೆ ಇಡಿ. ನೀವು ಹೊತ್ತು ತಪ್ಪಿ ಇಟ್ಟಿದ್ದಕ್ಕೆ ಮೈಕ್ರೋಸ್ಕೋಪ್ ಯಾಕೆ ಬೈತೀರಿ?

ವಿಜಯನಗರ: ಇಬ್ಬರೂ ಬಂಡೆಯ ವಯಸ್ಸಿನ ಮಾತೇ ಎತ್ತಲಿಲ್ಲ. ಪೋಸ್ಟರ್‌ನಲ್ಲಿ '3 ಬಿಲಿಯನ್' ಬೇಡ, '300 ಕೋಟಿ ವರ್ಷ' ಅಂತ ಹಾಕಿ. ವಯಸ್ಸು ಅಳೆಯೋದು ಕಲ್ಲಿನೊಳಗಿನ ಜಿರ್ಕಾನ್ ಅನ್ನೋ ಹರಳಿನಿಂದ, ಅದರ ಯುರೇನಿಯಂ-238 ಅರ್ಧದಷ್ಟು ಸೀಸವಾಗೋಕೆ 447 ಕೋಟಿ ವರ್ಷ. ಕೋಟಿಯಲ್ಲೇ ಹೇಳಿದರೆ ತರಕಾರಿ ಅಂಗಡಿಯವರಿಗೂ ಲೆಕ್ಕ ಹತ್ತುತ್ತೆ. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ. ನೈಸ್ ಪಕ್ಕ ಅದನ್ನೇ ಇಡಿ, ಯಾವುದೋ ಅಡುಗೆಮನೆ ಕಟ್ಟೆ ಚೂರಲ್ಲ.

ಯಲಹಂಕ: ವಿಷಯ ಯಾವುದೇ ಇರಲಿ, ಪ್ರಶ್ನೆ ಒಂದೇ: "ನಮ್ಮ ಸೈಟ್‌ನಲ್ಲಿ ಬೋರ್ ಎಷ್ಟು ಅಡಿ?" ಅದಕ್ಕೇ 20 ನಿಮಿಷ ಇಡಿ. ಗಟ್ಟಿ ಬಂಡೆಯಲ್ಲಿ ನೀರಿಲ್ಲ. ಮೇಲಿನ ಕೊಳೆತ ಪದರದಲ್ಲಿ, ಕೆಳಗಿನ ಬಿರುಕಿನಲ್ಲಿದೆ ಅಂತ ಚಿತ್ರ ಬರೆದು ತೋರಿಸಿ. 30×40 ಸೈಟ್‌ನಲ್ಲಿ ರೆಸಿಸ್ಟಿವಿಟಿ (ನೆಲಕ್ಕೆ ಸಲಾಕೆ ನೆಟ್ಟು ಕರೆಂಟ್ ಹರಿಸಿ ನೀರು ಹುಡುಕೋದು) ಮಾಡಿಕೊಡ್ತೀವಿ ಅಂತ ಒಪ್ಪಬೇಡಿ. 100 ಮೀಟರ್ ಆಳ ನೋಡೋಕೆ ಹೊರಗಿನ ಎರಡು ಸಲಾಕೆಗಳ ನಡುವೆ ಕೆಲವು ನೂರು ಮೀಟರ್ ಬೇಕು. ಸಾಲದ್ದಕ್ಕೆ ರಸ್ತೆ ಕೆಳಗಿನ ಪೈಪು, ಕೇಬಲ್ಲು ರೀಡಿಂಗ್ ಕೆಡಿಸುತ್ತೆ.

ಜಯನಗರ: ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೋಡೋರು 30×40ರಲ್ಲೇ ಹೇಳ್ತಾರೆ. ನಮ್ಮ ಬೀದೀಲಿ ಎರಡಿಂಚು ನೀರು ಬಿದ್ದಿದೆ.

ಯಲಹಂಕ: ಅವರು ತೋರಿಸಿದ ಜಾಗದಲ್ಲಿ ಬರೀ ಧೂಳೆದ್ದ ಬೋರ್‌ಗಳ ಲೆಕ್ಕವನ್ನೂ ಕೇಳಿ ಸ್ವಾಮಿ. ಬೀದಿಯುದ್ದಕ್ಕೂ ಒಂದು ಬಿರುಕು ಹಾದಿದ್ದರೆ ಕಾಯಿ ಇಲ್ಲದೆಯೂ ನೀರು ಬೀಳುತ್ತೆ.

ಮಲ್ಲೇಶ್ವರ: ಬೋರ್ ಜಗಳ ಬೇರೆ ಕಡೆ ಇಟ್ಕೊಳ್ಳಿ. ಕೇಳಿದವರೇ, ಟ್ರೇ ವಾಪಸ್ ಬಂದಾಗ ಎಣಿಸಿ. ಕಾಗೆಬಂಗಾರವನ್ನು ಮಕ್ಕಳು ಪದರ ಪದರ ಬಿಡಿಸಿ ಜೇಬಿಗೆ ಹಾಕ್ಕೊಂಡಿರ್ತಾರೆ. ಎರಡು ತುಂಡು ಹೆಚ್ಚಿಗೆ ತಂದಿಡಿ.