ಕ್ಯಾನಿಸ್ಟರ್ ತೆಗೆಸಿ ಪೈಪು ನೇರ ಜೋಡಿಸಿದ ಮೇಲೆ ಐಡ್ಲಿಂಗ್ ಕುಣಿತ, ಘಾಟಿಯಲ್ಲಿ ಗಾಡಿ ಸಾಯುತ್ತದೆ

ಶರಾವತಿದಂಡೆ:
ಸಾಗರದ ಹತ್ತಿರದ ಹಳ್ಳಿಯವನು ನಾನು. ಗಾಡಿ 2012ರ ಪೆಟ್ರೋಲ್ ಸ್ವಿಫ್ಟ್, 1.2 ಲೀಟರ್, ಓಡಿದ್ದು 94 ಸಾವಿರ. ಮೊದಲು ಬೆಂಗಳೂರಿನಲ್ಲಿ ಅಣ್ಣನ ಹತ್ತಿರ ಇತ್ತು, ಮೂರು ವರ್ಷದಿಂದ ನನ್ನ ಹತ್ತಿರ ಇದೆ.

ಕಳೆದ ಬೇಸಿಗೆಯಲ್ಲಿ ಹಿಂದಿನ ಸೀಟಿನಲ್ಲಿ ಪೆಟ್ರೋಲ್ ವಾಸನೆ ಶುರುವಾಯಿತು. ಫುಲ್ ಟ್ಯಾಂಕ್ ಮಾಡಿಸಿದ ದಿನವಂತೂ ಅಮ್ಮನಿಗೆ ತಲೆ ಸುತ್ತು ಬರುವಷ್ಟು. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡುವ ಕ್ಯಾನಿಸ್ಟರ್ ಬಿಚ್ಚಿ ಕೈಗೆ ಕೊಟ್ಟರು. ಕರಿ ಪ್ಲಾಸ್ಟಿಕ್ ಡಬ್ಬಿ, ಅಲ್ಲಾಡಿಸಿದರೆ ಒಳಗೆ ಗುಳುಗುಳು ಎನ್ನುತ್ತಿತ್ತು. ಹೊಸದು ಹಾಕಿಸಿದರೆ 6,500 ಆಗುತ್ತದೆ, ಇದು ಬರೀ ಹೊಗೆ ಕಾನೂನಿಗಾಗಿ ಇಟ್ಟದ್ದು, ಇಲ್ಲದಿದ್ದರೂ ಗಾಡಿ ಓಡುತ್ತದೆ ಅಂದರು. ನಾನೂ ಒಪ್ಪಿದೆ. ಟ್ಯಾಂಕಿನಿಂದ ಬರುವ ಆವಿ ಪೈಪನ್ನು, ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವಿಗೆ ಹೋಗುವ ಪೈಪಿಗೆ ಹಿತ್ತಾಳೆ ಜಾಯಿಂಟ್ ಹಾಕಿ ನೇರ ಸೇರಿಸಿದರು. ವಾಸನೆ ಹೋಯಿತು.

ಆದರೆ ಹದಿನೈದೇ ದಿನಕ್ಕೆ ಬೇರೆ ತೊಂದರೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್. ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹೊಡೆದರೆ ಎಂಟು ಹತ್ತು ಸೆಕೆಂಡ್ ಸೆಲ್ಫ್ ಎಳೆದರೂ ಹತ್ತುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಹೊಡೆದರೆ ಬುಸ್ ಅಂತ ಕರಿ ಹೊಗೆ ಬಿಟ್ಟು ಎದ್ದೇಳುತ್ತದೆ. ಐಡ್ಲಿಂಗ್ ಆರ್‌ಪಿಎಂ 600ಕ್ಕೂ 1,100ಕ್ಕೂ ನಡುವೆ ಕುಣಿಯುತ್ತದೆ. ಚೆಕ್ ಎಂಜಿನ್ ಲೈಟು ಬಂದಿದೆ, ಗೆಳೆಯನ ಬ್ಲೂಟೂತ್ ಸ್ಕ್ಯಾನರಿನಲ್ಲಿ ಪಿ0172, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ. ಐಡ್ಲಿಂಗಿನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಲೆಕ್ಕ, ಮೈನಸ್ 21 ಪರ್ಸೆಂಟ್. ಪ್ಲಗ್ ಬಿಚ್ಚಿದರೆ ನಾಲ್ಕೂ ಕಾಡಿಗೆ ಬಳಿದ ಹಾಗಿವೆ.

ನನಗೆ ಅರ್ಥವಾಗದ ಸಂಗತಿ ಇನ್ನೊಂದು. ಹೊನ್ನಾವರಕ್ಕೆ ಅಕ್ಕನ ಮನೆಗೆ ಹೋಗಿ ವಾಪಸ್ ಬರುವಾಗ ಗೇರುಸೊಪ್ಪೆ ದಾಟಿ ಘಾಟಿ ಹತ್ತಲು ಶುರುಮಾಡಿದರೆ ಎರಡು ಮೂರು ತಿರುವಿಗೆ ಗಾಡಿ ಉಸಿರು ಕಟ್ಟಿದ ಹಾಗಾಗುತ್ತದೆ. ಸೆಕೆಂಡ್ ಗೇರಿನಲ್ಲೂ ಎಳೆಯುವುದಿಲ್ಲ. ಕಳೆದ ವಾರ ಅಮ್ಮನೂ ಜೊತೆಗಿದ್ದರು. ಮಳೆ ಬೇರೆ, ಹಿಂದೆ ಲಾರಿ, ಗಾಡಿ ನಿಂತೇಹೋಯಿತು. ಐಡ್ಲಿಂಗಿನಲ್ಲಿ ಪೆಟ್ರೋಲ್ ಜಾಸ್ತಿಯಾಗುವ ಗಾಡಿ ಏರಿನಲ್ಲಿ ಪೆಟ್ರೋಲ್ ಸಾಲದೆ ನಿಲ್ಲುವುದು ಹೇಗೆ? ಏರ್ ಫಿಲ್ಟರ್, ಪ್ಲಗ್ ಹೊಸದು ಹಾಕಿಸಿದೆ. ಪೆಟ್ರೋಲ್ ಪಂಪ್ ಬದಲಿಸಿ ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಹಾಕುವ ಮೊದಲು ಬಲ್ಲವರನ್ನು ಕೇಳೋಣ ಅಂತ.

ಪಡುಗಾಳಿ:
ಪಂಪ್ ಬದಲಿಸಬೇಡಿ ಸರ್. ನನ್ನ ಹಳೇ ಗಾಡಿಯಲ್ಲಿ ಕ್ಯಾನಿಸ್ಟರ್ ಇಲ್ಲ, ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಕಡೆಯ ತೂತಿಗೆ ರಬ್ಬರ್ ಬಿರಡೆ ಹಾಕಿ ಬಿಗಿದುಬಿಡಿ. ಟ್ಯಾಂಕಿನ ಆವಿ ಪೈಪನ್ನು ಕೆಳಗೆ ಗಾಳಿಗೆ ಬಿಡಿ. ಐಡ್ಲಿಂಗ್ ಆ ಕ್ಷಣವೇ ಸರಿಯಾಗುತ್ತದೆ.

ಹಳೇಹುಬ್ಬಳ್ಳಿ ಗ್ಯಾರೇಜ್:
ಸಾಗರದ ಅಣ್ಣಾರ, ಪಂಪಿಗೆ ರೊಕ್ಕ ಹಾಕಬ್ಯಾಡ್ರಿ. ಮೊದಲ ಎರಡು ಮಾತು ಹೇಳ್ರಿ ನನಗ. ಘಾಟಿನ್ಯಾಗ ಗಾಡಿ ನಿಂತಾಗ ಪೆಟ್ರೋಲ್ ಕ್ಯಾಪ್ ತಗದು ನೋಡೀರೇನು? ಕ್ಯಾಪ್ ಕಂಪನಿದೋ, ಇಲ್ಲಾ ಬಜಾರಿನ ಕೀಲಿ ಇರೋದೋ? ಮತ್ತ ಗಾಡಿ ಎಲ್ಲಿ ನಿಲ್ಲಸ್ತೀರಿ ರಾತ್ರಿ?

ಶರಾವತಿದಂಡೆ:
ಕ್ಯಾಪ್ ಬಜಾರಿನದೇ, ಕೀಲಿ ಇರುವುದು. ಹಳೆಯದರ ದಾರ ತುಂಡಾಗಿ ಕಳೆದಿತ್ತು. ನಿಂತಾಗ ತೆಗೆದು ನೋಡಿರಲಿಲ್ಲ. ನೀವು ಕೇಳಿದ ಮೇಲೆ ನಿನ್ನೆ ಭಾನುವಾರ ಬೇಕೆಂದೇ ಹೊನ್ನಾವರಕ್ಕೆ ಹೋಗಿಬಂದೆ. ಅದೇ ಜಾಗದಲ್ಲಿ ಎಳೆತ ಕಮ್ಮಿಯಾಯಿತು. ಬದಿಗೆ ನಿಲ್ಲಿಸಿ ಕ್ಯಾಪಿಗೆ ಕೈ ಹಾಕಿದರೆ ತಿರುಗುವುದೇ ಕಷ್ಟ. ಬಲ ಹಾಕಿ ತಿರುಗಿಸಿದ ಕೂಡಲೇ ಪ್ರೆಷರ್ ಕುಕ್ಕರಿಗೆ ಉಲ್ಟಾ, ಗಾಳಿ ಒಳಗೆ ಸೆಳೆಯುವ ಸದ್ದು, ಏಳೆಂಟು ಸೆಕೆಂಡ್. ಟ್ಯಾಂಕ್ ಕಡೆಯಿಂದ ಡಬ್ ಅಂತ ತಗಡು ಉಬ್ಬಿದ ಹಾಗೆ ಒಂದು ಸದ್ದೂ ಬಂತು. ಕ್ಯಾಪ್ ಹಾಕಿ ಹೊರಟರೆ ಘಾಟಿ ಮೇಲಿನ ಮಾವಿನಗುಂಡಿಯವರೆಗೆ ಏನೂ ತೊಂದರೆ ಇಲ್ಲದೆ ಹತ್ತಿತು!

ರಾತ್ರಿ ನಿಲ್ಲಿಸುವುದು ಮನೆಗೆ ತಾಗಿದ ಶೆಡ್ಡಿನಲ್ಲಿ. ಪಕ್ಕದ್ದೇ ಬಚ್ಚಲಮನೆ.

ಹಳೇಹುಬ್ಬಳ್ಳಿ ಗ್ಯಾರೇಜ್:
ಹಂಗಾದ್ರ ಕೇಳ್ರಿ, ಸ್ವಲ್ಪ ಉದ್ದ ಬರೀತೇನಿ.

ಟ್ಯಾಂಕ್ ಉಸರಾಡಬೇಕ್ರಿ. ಪೆಟ್ರೋಲ್ ಖಾಲಿ ಆದಂಗ ಅಷ್ಟ ಗಾಳಿ ಒಳಗ ಬರಬೇಕು, ಬಿಸಲಿಗೆ ಕಾದು ಆವಿ ಎದ್ರ ಹೊರಗ ಹೋಗಬೇಕು. ಆ ಉಸರು ಹೋಗಿ ಬರೋ ದಾರೀನ ಕ್ಯಾನಿಸ್ಟರ್. ಅದರೊಳಗ ಇರೋದು ಇದ್ದಲಿ, ಅಂತಿಂಥಾ ಇದ್ದಲಿ ಅಲ್ಲ. ಒಂದು ಗ್ರಾಂ ತಗೊಂಡ್ರ ಅದರ ತೂತಿನ ಮೈ ಎಲ್ಲಾ ಬಿಡಿಸಿ ಹಾಸಿದ್ರ ಸುಮಾರು ಸಾವಿರ ಚದರ ಮೀಟರ್ ಆಗ್ತೈತಿ. ಆವಿ ಅದಕ್ಕ ಅಂಟಿಕೊಂಡು ಕೂಡ್ತೈತಿ, ಬರೇ ಗಾಳಿ ಹೊರಗ ಹೋಗ್ತೈತಿ. ಎಂಜಿನ್ ಬಿಸಿ ಆದಮ್ಯಾಲ ಇಸಿಯು, ಅಂದ್ರ ಎಂಜಿನ್ ಕಂಪ್ಯೂಟರ್, ಪರ್ಜ್ ವಾಲ್ವ್ ಟಿಕ್ ಟಿಕ್ ಅಂತ ತಗದು ಮುಚ್ಚತೈತಿ. ಮ್ಯಾನಿಫೋಲ್ಡಿನ ಸೆಳತಕ್ಕ ಹೊರಗಿನ ಗಾಳಿ ಇದ್ದಲಿ ಒಳಗ ಹಾದು, ಆವಿ ಸ್ವಲ್ಪ ಸ್ವಲ್ಪ ಬಿಡಿಸಿಕೊಂಡು ಎಂಜಿನ್ನಿಗೆ ಹೋಗ್ತೈತಿ. ಆ ಲೆಕ್ಕಕ್ಕ ಇಂಜೆಕ್ಟರ್ ಪೆಟ್ರೋಲ್ ಕಡಿಮಿ ಹೊಡೀತೈತಿ.

ನಿಮ್ಮ ಗಾಡಿಯಾಗ ಆ ಹೊರಗಿನ ಗಾಳಿ ಬಾಯಿ ಡಬ್ಬಿ ಜೋಡಿನ ಹೋತು. ಟ್ಯಾಂಕ್ ಒಂದು ತುದಿ, ಎಂಜಿನ್ ಇನ್ನೊಂದು ತುದಿ, ನಡುವ ಉಸರಿಗೆ ದಾರಿ ಇಲ್ಲ. ಐಡ್ಲಿಂಗಿನ್ಯಾಗ ವಾಲ್ವ್ ತಗದಾಗೆಲ್ಲಾ ಗಾಳಿ ಬೆರಸಲಾರದ ಗಟ್ಟಿ ಆವಿ ಮ್ಯಾನಿಫೋಲ್ಡಿಗೆ ಬರ್ತೈತಿ. ಟ್ರಿಮ್ ಮೈನಸ್ 21 ಆಗೋದು ಅದಕ್ಕ, ಪ್ಲಗ್ ಕರ್ರಗಾಗೋದೂ ಅದಕ್ಕ. ಹೊನ್ನಾವರದಿಂದ ಗೇರುಸೊಪ್ಪಿ ತನಕ ಸುಮಾರು 30 ಕಿಲೋಮೀಟರ್ ಹಗೂರ ಓಡಸ್ತೀರಿ, ಸ್ವಲ್ಪ ತುಳದ ಆಕ್ಸಿಲರೇಟರ್, ಮ್ಯಾನಿಫೋಲ್ಡ್ ಸೆಳತ ಜೋರು. ಅಷ್ಟೊತ್ತೂ ಟ್ಯಾಂಕ್ ಹೀರತೈತಿ. ಮ್ಯಾಲ ಪೆಟ್ರೋಲ್ ಖಾಲಿ ಆಗಿದ್ದೂ ಸೇರಿ ಒಳಗ ನಿರ್ವಾತ ಆಗ್ತೈತಿ. ಒತ್ತಡ ಇಳದಷ್ಟೂ ಪೆಟ್ರೋಲ್ ಲಗೂನ ಕುದೀತೈತಿ. ಪಂಪಿನ ಬಾಯಾಗ ಗುಳ್ಳಿ ಬಂದ್ರ ಅದೇನು ಎತ್ತೀತು ಪಾಪ? ಸಪಾಟ್ ರಸ್ತೆಕ್ಕ ಹೆಂಗೋ ನಡೀತೈತಿ, ಘಾಟಿನ್ಯಾಗ ಜಾಸ್ತಿ ಪೆಟ್ರೋಲ್ ಬೇಕು, ಅಲ್ಲಿ ಸಾಯ್ತೈತಿ. ಡಬ್ ಅಂದಿದ್ದು ಟ್ಯಾಂಕ್ ಒಳಗ ಜಗ್ಗಿಕೊಂಡಿದ್ದು ಮತ್ತ ತನ್ನ ಆಕಾರಕ್ಕ ಬಂದಿದ್ದು. ಕಂಪನಿ ಕ್ಯಾಪಿನ್ಯಾಗ ನಿರ್ವಾತ ಆದ್ರ ಗಾಳಿ ಒಳಗ ಬಿಡೋ ಸಣ್ಣ ವಾಲ್ವ್ ಇರ್ತೈತಿ. ನಿಮ್ಮ ಬಜಾರಿನ ಕ್ಯಾಪಿನ್ಯಾಗ ಅದು ಇಲ್ಲ, ಇಲ್ಲಾ ಕೆಲಸ ಮಾಡವಲ್ದು.

ಬಿಸಿ ಸ್ಟಾರ್ಟ್ ತೊಂದ್ರಿ ನೋಡಿದ್ರ ಪರ್ಜ್ ವಾಲ್ವೂ ಪೂರಾ ಮುಚ್ಚವಲ್ದು ಅನಸ್ತೈತಿ. ಎಂಜಿನ್ ಬಂದ್ ಇದ್ದಾಗ ಅದು ಗಪ್ ಮುಚ್ಚಿರಬೇಕು. ಬಿಸಲಿಗೆ ಟ್ಯಾಂಕ್ ಕಾದು ಆವಿ ಅದರೊಳಗಿಂದ ಮ್ಯಾನಿಫೋಲ್ಡ್ ತುಂಬೇತಿ. ಪೂರಾ ತುಳದು ಸೆಲ್ಫ್ ಹೊಡದ್ರ ಬಹಳಷ್ಟು ಗಾಡ್ಯಾಗ ಇಸಿಯು ಇಂಜೆಕ್ಟರ್ ಬಂದ್ ಮಾಡ್ತೈತಿ, ಗಾಳಿ ಹೊಕ್ಕು ಸ್ವಚ್ಛ ಆಗಿ ಸ್ಟಾರ್ಟ್ ಆಗ್ತೈತಿ. ವಾಲ್ವ್ ಬಿಚ್ಚಿ ಕನೆಕ್ಟರ್ ಇಲ್ಲದಂಗ ಬಾಯಿಲೆ ಊದ್ರಿ. ಗಾಳಿ ಹೋಗಬಾರ್ದು. ಹೋತಂದ್ರ ಅದು ಕೆಟ್ಟೈತಿ.

ಇನ್ನ ಪಡುಗಾಳಿ ಅಣ್ಣಾರ ಹೇಳಿದ್ದು. ಆವಿ ಪೈಪ್ ಕೆಳಗ ಬಿಡ್ರಿ ಅಂದ್ರಲ್ಲ, ಐಡ್ಲಿಂಗ್ ಸರಿ ಆಗ್ತೈತಿ, ಅದರಾಗ ಸುಳ್ಳಿಲ್ಲ. ಆದ್ರ ಇವರು ಗಾಡಿ ನಿಲ್ಲಸೋದು ಬಚ್ಚಲಮನಿ ಬಾಜೂಕ. ನಿಮ್ಮ ಕಡೆ ಬಚ್ಚಲದಾಗ ಕಟ್ಟಿಗಿ ಒಲಿ ಉರೀತೈತಿ ಹೌದಿಲ್ಲೋ? ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮ್ಯಾಲ ಹೋಗೂದಿಲ್ಲ, ನೆಲ ಹಿಡದು ಹರೀತೈತಿ. ಮುಚ್ಚಿದ ಶೆಡ್ಡಿನ್ಯಾಗ ರಾತ್ರಿ ಪೂರಾ ನಿಂತು ಬೆಳಿಗ್ಗೆ ಒಲಿ ಹಚ್ಚೋ ಹೊತ್ತಿಗೆ ಬಾಗಲಾ ತಗದ್ರ? ಇವತ್ತಿಂದ ಗಾಡಿ ಅಂಗಳದಾಗ ನಿಲ್ಲಸ್ರಿ, ಕೈ ಮುಗದು ಹೇಳ್ತೇನಿ.

ಪಡುಗಾಳಿ:
ಬಚ್ಚಲೊಲೆಯ ವಿಷಯ ನನಗೆ ಹೊಳೆದಿರಲಿಲ್ಲ. ನನ್ನ ಗಾಡಿ ಬಯಲಲ್ಲಿ ನಿಲ್ಲುತ್ತದೆ. ಆದರೂ ಮಾತು ಸರಿ, ನನ್ನ ಸಲಹೆ ಬಿಟ್ಟುಬಿಡಿ ಸರ್.

ಟ್ರಿಮ್ ನೋಡುವ ಹುಡುಗ:
ನಾನು ಬೆಂಗಳೂರಿನಲ್ಲಿ ಎಮಿಷನ್ ಪರೀಕ್ಷೆಯ ಕೆಲಸದಲ್ಲಿದ್ದವನು. ಬಿಎಸ್ 4 ಹೊಗೆ ನಿಯಮದ ಪೆಟ್ರೋಲ್ ಗಾಡಿಗೆ ಆವಿಯ ಪರೀಕ್ಷೆಯೇ ಬೇರೆ ಇತ್ತು. ಮುಚ್ಚಿದ ಕೋಣೆಯಲ್ಲಿ ಗಾಡಿ ನಿಲ್ಲಿಸಿ, ಹೊರಬರುವ ಹೈಡ್ರೋಕಾರ್ಬನ್ ಅಳೆಯುವುದು. ಮಿತಿ ಬರೀ 2 ಗ್ರಾಂ. ಇಡೀ ಗಾಡಿಯಿಂದ, ಅಷ್ಟೇ. ಕ್ಯಾನಿಸ್ಟರ್ ಇಲ್ಲದೆ ಅದು ಆಗುವ ಮಾತಲ್ಲ. ಕಂಪನಿ ಕೊಟ್ಟ ಸ್ಥಿತಿಯನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ.

ಸರ್, ಒಂದು ಕೇಳುತ್ತೇನೆ. ಬಂಕಿನಲ್ಲಿ ಗನ್ ಟಕ್ ಅಂತ ನಿಂತ ಮೇಲೂ ಹಾಕಿಸುತ್ತೀರಾ? ಡಬ್ಬಿಯೊಳಗೆ ಗುಳುಗುಳು ಅಂದದ್ದು ದ್ರವ ಪೆಟ್ರೋಲ್. ಇದ್ದಿಲು ಆವಿಗೆ ಮಾಡಿದ್ದು, ದ್ರವ ಬಿದ್ದರೆ ಹಾಳಾಗುತ್ತದೆ. ಹೊಸದನ್ನೂ ಹಾಗೇ ಕೊಲ್ಲಬೇಡಿ. ಇದ್ದಿಲಿನ ಹರಳು ಒಡೆದು ಪೈಪಿನೊಳಗೆ ಹೋಗಿರಬಹುದು, ವಾಲ್ವ್ ಬದಲಿಸುವ ಮೊದಲು ಪೈಪನ್ನೂ ಊದಿಸಿ.

ಶರಾವತಿದಂಡೆ:
ಹೌದು, ಹಾಕಿಸುತ್ತಿದ್ದೆ. ಟ್ಯಾಂಕ್ 42 ಲೀಟರಿನದು. ಗನ್ ನಿಂತ ಮೇಲೆ ಬಂಕಿನ ಹುಡುಗ ರೌಂಡ್ ಮಾಡ್ಲಾ ಅನ್ನುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ. ಕುತ್ತಿಗೆವರೆಗೆ ಪೆಟ್ರೋಲ್ ಕಾಣುತ್ತಿತ್ತು. ಮೂರು ವರ್ಷ ಪ್ರತಿ ಸಲ ಅದೇ.

ಗಾಡಿ ಅಂದೇ ಅಂಗಳಕ್ಕೆ ತಂದೆ. ಅಮ್ಮನಿಗೆ ಕಾರಣ ಹೇಳಿದೆ. ಬೆಳಿಗ್ಗೆ ಐದೂವರೆಗೆ ಬಚ್ಚಲಿಗೆ ಬೆಂಕಿ ಹಾಕುವುದು ಅವರೇ. ಏನೂ ಮಾತಾಡದೆ ಶೆಡ್ಡಿನ ಬಾಗಿಲಿನ ಎರಡೂ ರೆಕ್ಕೆ ತೆಗೆದಿಟ್ಟು ಕಲ್ಲು ಕೊಟ್ಟರು.

ಶನಿವಾರ ಬೇರೆ ಗ್ಯಾರೇಜಿನಲ್ಲಿ ಎದುರಿಗೇ ನಿಂತು ಕೆಲಸ ಮಾಡಿಸಿದೆ. ಪರ್ಜ್ ವಾಲ್ವ್ ಬಿಚ್ಚಿ ಊದಿದರೆ ಗಾಳಿ ಸಲೀಸಾಗಿ ಹೋಯಿತು. ಬಿಳಿ ಕಾಗದದ ಮೇಲೆ ತಟ್ಟಿದಾಗ ಸಾಸಿವೆ ಗಾತ್ರದ ಕಪ್ಪು ಹರಳು ಏಳೆಂಟು ಉದುರಿದವು. ಒಂದನ್ನು ಬೆರಳಲ್ಲಿ ಒತ್ತಿದೆ, ಕಾಡಿಗೆಯಾಯಿತು. ವಾಲ್ವಿನ ಬಾಯಿಗೆ ಅದೇ ಸಿಕ್ಕಿಕೊಂಡಿತ್ತು. ಕಂಪ್ರೆಸರಿನಿಂದ ಪೈಪ್ ಊದಿದಾಗ ಇನ್ನೊಂದು ಚಿಟಿಕೆಯಷ್ಟು ಬಂತು. ಕಂಪನಿಯ ಕ್ಯಾನಿಸ್ಟರ್, ಹೊಸ ವಾಲ್ವ್, ಕಂಪನಿ ಕ್ಯಾಪ್, ಮೊದಲಿದ್ದ ಹಾಗೇ ಜೋಡಣೆ. ಹಿತ್ತಾಳೆ ಜಾಯಿಂಟ್ ಈಗ ನನ್ನ ಮೇಜಿನ ಮೇಲಿದೆ.

ಕೋಡ್ ಅಳಿಸಿ ಐದು ದಿನ ಓಡಿಸಿದೆ. ಐಡ್ಲಿಂಗ್ 700ರ ಹತ್ತಿರ ನಿಂತಿದೆ, ಟ್ರಿಮ್ ಮೈನಸ್ 2ರಿಂದ ಪ್ಲಸ್ 3. ಎಮಿಷನ್ ಟೆಸ್ಟಿನಲ್ಲಿ ಹಿಂದೆ 0.82 ಪರ್ಸೆಂಟ್ ಬಂದು ಫೇಲ್ ಆಗಿದ್ದ ಸಿಒ (ಕಾರ್ಬನ್ ಮೊನಾಕ್ಸೈಡ್) ಈಗ 0.04, ಮಿತಿ 0.3. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಹೊನ್ನಾವರಕ್ಕೆ ಹೋಗಿಬಂದೆ. ಘಾಟಿ ಒಂದೇ ಉಸಿರಿಗೆ ಹತ್ತಿತು.

ಒಂದೇ ಅನುಮಾನ. ಮಾವಿನಗುಂಡಿಯಲ್ಲಿ ನಿಲ್ಲಿಸಿ ಕ್ಯಾಪ್ ತೆಗೆದಾಗ ಸಣ್ಣಗೆ ಸ್ಸ್ ಅಂತು, ಅರೆಕ್ಷಣ. ಮತ್ತೆ ಶುರುವಾಗುತ್ತಿದೆಯೇ?

ಹಳೇಹುಬ್ಬಳ್ಳಿ ಗ್ಯಾರೇಜ್:
ಇಲ್ರೀ, ಅಷ್ಟು ಇದ್ದ ಇರ್ತೈತಿ. ಓಡಿ ಬಂದ ಗಾಡಿ, ಟ್ಯಾಂಕ್ ಬೆಚ್ಚಗಿರ್ತೈತಿ. ಕ್ಯಾಪ್ ಸಲೀಸ ತಿರಗತೈತಿ ಅಂದ್ರ ಚಿಂತಿ ಬಿಡ್ರಿ. ಗಾಡಿ ಶೆಡ್ಡಿಗೆ ಹಾಕೂ ಮುಂದ ಹೊಸ ಪೈಪಿನ ಕ್ಲಿಪ್ಪಿನ ಹತ್ರ ಒಮ್ಮೆ ಮೂಗು ಹಿಡದು ನೋಡ್ರಿ, ಅದೂ ಒಲಿ ಆರಿದ ಮ್ಯಾಲ.