‘ಡ್ಯಾಂಪಿಂಗ್’ ಎಂಬುದಕ್ಕೆ ‘ಉಡುಗು’ ಒಪ್ಪುವುದೆ?

ಮಾನ್ಯರೆ,

ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಟ್ಟಡಗಳ ಕಂಪನವನ್ನು ಪಾಠ ಮಾಡುವ ನಾನು, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗಾಗಿ ಟಿಪ್ಪಣಿ ಬರೆಯುತ್ತಾ ‘ಡ್ಯಾಂಪಿಂಗ್’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಕಂಪನದ ಕಸುವು ಸೋರಿ ತೂಗಾಟ ಬರಬರುತ್ತಾ ಕುಗ್ಗುವುದಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಪದವನ್ನು ಹಾಗೆಯೇ ಉಳಿಸಿಕೊಳ್ಳೋಣವೆಂದರೆ, ಗೋಡೆಗೆ ಡ್ಯಾಂಪ್ ಬಂದಿದೆ ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ಮೊದಲು ಹೊಳೆಯುವುದು ತೇವ. ಉತ್ತರಪತ್ರಿಕೆಯೊಂದರಲ್ಲಿ ‘ಕಟ್ಟಡದ ತೇವಗೊಳ್ಳುವಿಕೆ’ ಎಂದೇ ಬರೆದದ್ದನ್ನು ಕಂಡಿದ್ದೇನೆ.

ಹಿಂದಿಯವರ ‘ಅವಮಂದನ’ವನ್ನು ತರಬಹುದು. ಆದರೆ ‘ಮಂದ’ ಎಂದೊಡನೆ ತೂಗಾಟ ನಿಧಾನವಾಯಿತೆಂಬ ಅರ್ಥ ಬರುತ್ತದೆ, ನಡೆಯುವುದು ಅದಲ್ಲ. ಕಾಂಕ್ರೀಟ್ ಕಟ್ಟಡಗಳ ಲೆಕ್ಕದಲ್ಲಿ ವಾಡಿಕೆಯಾಗಿ ಹಿಡಿಯುವ, ತೂಗಾಟವೇ ಇಲ್ಲದಂತಾಗಲು ಬೇಕಾದುದರ ಶೇ. 5ರಷ್ಟು ಡ್ಯಾಂಪಿಂಗ್‌ನಲ್ಲಿ ಆವೃತ್ತಿ (ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು) ಇಳಿಯುವುದು ಶೇ. 0.13ರಷ್ಟು ಮಾತ್ರ, ಪಾರವಾದರೋ, ಎಂದರೆ ತೂಗಾಟದ ಹರವು, ಪ್ರತಿ ಆಂದೋಲನಕ್ಕೂ ಶೇ. 27ರಷ್ಟು ಕುಗ್ಗಿ, ಐದು ಆಂದೋಲನ ಕಳೆಯುವಷ್ಟರಲ್ಲಿ ಮೊದಲಿದ್ದುದರ ಐದನೆಯ ಒಂದು ಪಾಲಿಗೆ ಬಂದಿರುತ್ತದೆ. ‘ಶಮನ’ದಲ್ಲಿ ಬೇರೆ ತೊಡಕಿದೆ. ನೋವಿನ ಶಮನ, ಕೋಪದ ಶಮನ ಎನ್ನುವಾಗ ಯಾರೋ ಹೊರಗಿನಿಂದ ತಣಿಸಿದರೆಂಬ ಧ್ವನಿ ನನಗೆ ಕೇಳಿಸುತ್ತದೆ.

‘ಉಡುಗು’ ನನಗೆ ಸಿಕ್ಕಿದ್ದು ತರಗತಿಯಲ್ಲೇ. ಉಕ್ಕಿನ ಅಳತೆಪಟ್ಟಿಯ ಒಂದು ತುದಿಯನ್ನು ಮೇಜಿನಂಚಿಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಮೀಟಿದೆ. ಬೀಸಣಿಗೆಯಂತೆ ಅಗಲವಾಗಿ ಕಾಣುತ್ತಿದ್ದ ಅದರ ಅಂಚು ಸಣ್ಣಗಾಗುತ್ತಾ ಬಂದು ಮತ್ತೆ ಒಂದು ಗೆರೆಯಾಯಿತು. ಏನಾಯಿತೆಂದು ಕೇಳಿದಾಗ ಪಾಂಡವಪುರದ ಕಡೆಯ ಹುಡುಗನೊಬ್ಬ, ‘ಅದ್ರ ಶಕ್ತಿ ಉಡುಗೋಯ್ತು ಸಾರ್’ ಎಂದ. ದನಿ ಉಡುಗಿತು, ಜಂಘಾಬಲ ಉಡುಗಿತು ಎನ್ನುವ ನಮ್ಮ ಮಾತಿನಲ್ಲೂ ಇರುವುದು ಕಸುವಿನ ನಷ್ಟವೇ.

ಈ ಪದ ನನಗೆ ಹಿಡಿಸಲು ಇನ್ನೊಂದು ಕಾರಣವಿದೆ. ಕಟ್ಟಡದ ಕಸುವು ಸೋರುವುದು ಕೀಲುಗಳ ಉಜ್ಜಾಟದಲ್ಲಿ, ಕಾಂಕ್ರೀಟಿನ ಕೂದಲೆಳೆಯ ಬಿರುಕುಗಳಲ್ಲಿ, ಇಟ್ಟಿಗೆಗೋಡೆಯು ಚೌಕಟ್ಟಿಗೆ ತಾಕುವ ಕಡೆಗಳಲ್ಲಿ, ತಳದ ಮಣ್ಣಿನಲ್ಲಿ. ಇವನ್ನು ಬೇರೆಬೇರೆಯಾಗಿ ಅಳೆಯುವುದು ಬಲು ಕಷ್ಟವಾದ್ದರಿಂದ, ಎಲ್ಲವನ್ನೂ ಒಟ್ಟುಗೂಡಿಸಿ, ವೇಗಕ್ಕೆ ಅನುಪಾತದಲ್ಲಿ ಎದುರೊಡ್ಡುವ ಒಂದೇ ಬಲವೆಂದು ಭಾವಿಸಿ ಗಣಿತದ ಮಾದರಿ ಕಟ್ಟುತ್ತೇವೆ. ಭೌತವಿಜ್ಞಾನಿ ರೇಲೀ ಹೆಸರಿನ ಮಾದರಿಯಲ್ಲಿ ಆ ಬಲದ ಗುಣಾಂಕವನ್ನು ದ್ರವ್ಯರಾಶಿಯ ಒಂದು ಪಾಲು, ಬಿಗಿತದ ಒಂದು ಪಾಲು ಕೂಡಿಸಿ ಪಡೆಯುತ್ತೇವೆ. ಆದುದರಿಂದ ಘರ್ಷಣೆ, ಸ್ನಿಗ್ಧತೆ ಎಂಬಂಥ ಒಂದು ಕಾರಣವನ್ನೇ ಹೆಸರಿಸುವ ಪದ ಇಲ್ಲಿ ಸಲ್ಲದು. ‘ಉಡುಗು’ ಕಾರಣವನ್ನು ಹೇಳದೆ ಆಗುವುದನ್ನಷ್ಟೇ ಹೇಳುತ್ತದೆ. ತಾನಾಗಿ ಆಗುವುದಕ್ಕೆ ‘ಉಡುಗು’, ಅದಕ್ಕೆಂದೇ ಅಳವಡಿಸಿದ ಸಾಧನಕ್ಕೆ ‘ಉಡುಗಿಸುಕ’ ಎಂದು ಬೇರ್ಪಡಿಸಲೂ ಬರುತ್ತದೆ.

ನನ್ನ ಸಂದೇಹಗಳು ಎರಡು. ನಾವು ಕಸ ಗುಡಿಸುವಲ್ಲಿ ಧಾರವಾಡದ ಕಡೆಯವರು ಕಸ ಉಡುಗುತ್ತಾರೆ. ಅಲ್ಲಿನ ಓದುಗರಿಗೆ ‘ಕಂಪನದ ಉಡುಗು’ ಎಂಬುದು ಹೇಗೆ ಕೇಳಿಸುತ್ತದೆ? ಇನ್ನು, ಎಳೆದು ಬಿಟ್ಟ ವಸ್ತು ಒಮ್ಮೆಯೂ ಆಚೀಚೆ ತೂಗದೆ ಆದಷ್ಟು ಬೇಗ ನೆಲೆಗೆ ಮರಳುವ ‘ಕ್ರಿಟಿಕಲ್ ಡ್ಯಾಂಪಿಂಗ್’ ಸ್ಥಿತಿಗೆ ‘ಗಡಿ ಉಡುಗು’ ಎನ್ನಬಹುದೆ, ಅಥವಾ ಅದಕ್ಕಿಂತ ಸಹಜವಾದ ಮಾತು ಬಲ್ಲವರಲ್ಲಿ ಇದೆಯೆ?