ತಲೆ ಸಾಲದು ಅನ್ನುವ ಮಗ, ಡಾಕ್ಟರ್ ಆಗುವ ಆಸೆ

ಇಲ್ಲಿ ಅಮೆರಿಕದ ಕಾಲೇಜಿನಲ್ಲಿ ಓದುವ ನಿಮ್ಮ ಮಗ ಕೆಮಿಸ್ಟ್ರಿಯಲ್ಲಿ ಸಿ ಗ್ರೇಡ್ ಬಂತು ಅಂತ ಮೆಡಿಕಲ್ ಆಸೆಯನ್ನೇ ಬಿಡುತ್ತೇನೆ ಅನ್ನುತ್ತಿದ್ದಾನೆ ಅಂದಿರಿ. ಆರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಕಥೆ. ಮಗಳು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ತಂದು, "ನನ್ನ ತಲೆಗೆ ಇದು ಹತ್ತಲ್ಲ ಅಪ್ಪಾ" ಅಂದಳು. "ಹೋಗಲಿ ಬಿಡು, ಕಂಪ್ಯೂಟರ್ ಸೈನ್ಸ್ ತಗೋ" ಅಂದೆ. ನಾನು ಅಂದಿದ್ದು ಸಮಾಧಾನಕ್ಕೆ. ಅವಳಿಗೆ ಕೇಳಿಸಿದ್ದು, ಅಪ್ಪನಿಗೂ ನಂಬಿಕೆ ಇಲ್ಲ ಅಂತ. ಎರಡು ತಿಂಗಳು ಸರಿಯಾಗಿ ಫೋನ್ ಎತ್ತಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಕಾಲೇಜಿನ ಅಡ್ವೈಸರ್. ಹಳೇ ಪರೀಕ್ಷೆ ಪೇಪರ್ ತೆಗಿ, ತಪ್ಪಾದ ಒಂದೊಂದು ಪ್ರಶ್ನೆಯ ಪಕ್ಕ ಯಾಕೆ ತಪ್ಪಾಯಿತು ಅಂತ ಬರಿ ಅಂದರಂತೆ. ಗೊತ್ತೇ ಇರಲಿಲ್ಲವಾ? ಓದಿದ್ದರೂ ನೆನಪಾಗಲಿಲ್ಲವಾ? ಟೈಮ್ ಸಾಲಲಿಲ್ಲವಾ? ಅರ್ಧಕ್ಕಿಂತ ಜಾಸ್ತಿ ಎರಡನೇ ಬಗೆಯವು. ಅವಳು ನೋಟ್ಸ್‌ಗೆ ಬಣ್ಣ ಬಳಿದು ನಾಲ್ಕು ನಾಲ್ಕು ಸಲ ಓದುತ್ತಿದ್ದಳು. ಪುಸ್ತಕ ಮುಚ್ಚಿ ಬಿಳಿ ಹಾಳೆಯ ಮೇಲೆ ಬರೆದು ನೋಡುತ್ತಲೇ ಇರಲಿಲ್ಲ. ಓದಿದ್ದೆಲ್ಲ ಪರಿಚಯದ ಮುಖದ ಹಾಗೆ ಕಾಣುತ್ತಿತ್ತು, ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಹೈಸ್ಕೂಲಿಗೆ ಅಷ್ಟೇ ಸಾಕಾಗಿತ್ತು ನೋಡಿ. ಮುಂದಿನ ಸೆಮಿಸ್ಟರ್‌ನಿಂದ ದಿನಾ ಆಂಕಿ (Anki) ಅನ್ನುವ ಆ್ಯಪ್‌ನಲ್ಲಿ ಪ್ರಶ್ನೆ ನೋಡಿ ಉತ್ತರ ನೆನಪಿಸಿಕೊಳ್ಳುವ ಕಾರ್ಡ್, ವಾರಕ್ಕೊಮ್ಮೆ ಟ್ಯೂಟರ್. ಬಯೋಕೆಮಿಸ್ಟ್ರಿಯಲ್ಲಿ ಎ ಮೈನಸ್ ಬಂತು. ತಲೆ ಅದೇ ತಾನೇ?

ಸುಮ್ನೆ ಧೈರ್ಯ ತುಂಬುತ್ತಿದ್ದೇನೆ ಅಂದುಕೊಳ್ಳಬೇಡಿ, ದಾರಿ ಕಷ್ಟದ್ದೇ. ಇಲ್ಲಿ ಎಂ.ಡಿ. ಅಂದರೆ ಡಿಗ್ರಿ ಮುಗಿಸಿ ಡಾಕ್ಟರ್ ಆಗಲು ಸೇರುವ ಓದು. ಅಮೆರಿಕದ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ವರ್ಷ ಎಲ್ಲೂ ಸೀಟು ಸಿಗುವುದಿಲ್ಲ. ಸಿ ಬಂದ ಕೋರ್ಸನ್ನು ಮತ್ತೆ ಓದಿ ಎ ತಂದರೂ ಅರ್ಜಿಯ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕಕ್ಕೆ ಎರಡೂ ಸೇರುತ್ತವೆ. ಅದಕ್ಕೇ ಹಳೆಯದನ್ನು ಅಳಿಸುವ ಆಸೆ ಬಿಟ್ಟು, ಮುಂದಿನ ಸೈನ್ಸ್ ಕೋರ್ಸುಗಳಲ್ಲಿ ಗ್ರೇಡ್ ಏರುತ್ತಾ ಹೋಗುವ ಹಾಗೆ ನೋಡಿಕೊಳ್ಳಲಿ. ಮೆಡಿಕಲ್ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ (MCAT) 472ರಿಂದ 528ರವರೆಗಿನ ಸ್ಕೋರಿನ ಪರೀಕ್ಷೆ, ಬ್ರೇಕ್ ಸೇರಿ ಸುಮಾರು ಏಳೂವರೆ ಗಂಟೆ. ಬರೆದ ಪ್ರತಿ ಸಲದ ಸ್ಕೋರೂ ಕಾಲೇಜಿನವರ ಕಣ್ಣಿಗೆ ಬೀಳುತ್ತದೆ. "ಒಂದು ಕೈ ನೋಡೋಣ" ಅಂತ ಹೋಗಬಾರದು. ಪೂರ್ತಿ ಉದ್ದದ ಮಾದರಿ ಪರೀಕ್ಷೆಗಳಲ್ಲಿ ಬೇಕಾದ ಸ್ಕೋರ್ ಎರಡು ಮೂರು ಸಲ ಬರಲಿ, ಆಮೇಲೆ ಬರೆಯಲಿ.

ಡಿಗ್ರಿ ಮುಗಿಸಿ ಮೆಡಿಕಲ್ ಸೇರುವ ಮುಂಚೆ ಬಿಡುವ ಗ್ಯಾಪ್ ಇಯರ್ ಅಂದರೆ ನಮ್ಮವರಿಗೆ ಫೇಲ್ ಆದ ಹಾಗೆ, ಅಲ್ವಾ? ನಾನೂ ಒಂದು ವರ್ಷ ನೆಂಟರಿಗೆ ವಿಷಯ ಮುಚ್ಚಿಟ್ಟೆ. ನಾಚಿಕೆ ಆಗುತ್ತದೆ ಈಗ. ಇಲ್ಲಿ ಮೆಡಿಕಲ್ ಸೇರುವವರಲ್ಲಿ ಬಹುಪಾಲು ಮಂದಿ ಒಂದು ವರ್ಷವಾದರೂ ಗ್ಯಾಪ್ ತಗೊಂಡವರೇ. ಮಗಳು ಎರಡು ವರ್ಷ ಒಂದು ಕ್ಲಿನಿಕ್‌ನಲ್ಲಿ ಸ್ಕ್ರೈಬ್ ಆಗಿದ್ದಳು. ಡಾಕ್ಟರ್ ರೋಗಿಯ ಜೊತೆ ಮಾತಾಡುವುದನ್ನೆಲ್ಲ ಪಕ್ಕದಲ್ಲಿ ಕೂತು ಟೈಪ್ ಮಾಡುವ ಕೆಲಸ. ಡಾಕ್ಟರ್ ಕೆಲಸ ನಿಜಕ್ಕೂ ತನಗೆ ಬೇಕಾ ಅನ್ನುವುದು ಅವಳಿಗೆ ತಿಳಿದಿದ್ದು ಅಲ್ಲೇ. ಈಗ ಡಿ.ಒ. (ಆಸ್ಟಿಯೋಪಥಿಕ್ ಮೆಡಿಸಿನ್, ಡಾಕ್ಟರ್ ಆಗುವ ಇನ್ನೊಂದು ಡಿಗ್ರಿ) ಎರಡನೇ ವರ್ಷ. ಎಂ.ಡಿ. ಅಲ್ಲವಾ ಅಂತ ಕೇಳುವವರಿಗೆ, 50 ರಾಜ್ಯಗಳಲ್ಲೂ ಪೂರ್ತಿ ಡಾಕ್ಟರ್ ಲೈಸೆನ್ಸ್ ಸಿಗುವ ಓದು ಅದು ಅಂತ ಹೇಳಿ ಹೇಳಿ ಸಾಕಾಗಿದೆ.

ಸದ್ಯಕ್ಕೆ ನಿಮ್ಮ ಮಗನನ್ನು ಬೇರೇನೂ ಕೇಳಬೇಡಿ. ಆ ಸಿ ಬಂದ ಪೇಪರ್ ಇನ್ನೂ ಇಟ್ಟುಕೊಂಡಿದ್ದಾನಾ ಕೇಳಿ.